ಮೂಕಜೀವದ ಲಿಪಿಕಾರ

ಈಗ ಬಾಂಗ್ಲಾದೇಶಕ್ಕೆ ಸೇರಿರುವ ಫರೀದ್‌ಪುರದಲ್ಲಿ, ನೂರೈವತ್ತು ವರ್ಷಗಳಿಗೂ ಹಿಂದೆ, ಪುಟ್ಟ ಬಾಲಕನೊಬ್ಬನು ಸೇವಕನ ಹೆಗಲೇರಿ ಶಾಲೆಗೆ ಹೋಗುತ್ತಿದ್ದನು. ಆ ಸೇವಕನು ಹಿಂದೊಮ್ಮೆ ದರೋಡೆಕಾರನಾಗಿದ್ದವನು. ಅವನಿಗೆ ಸೆರೆವಾಸ ವಿಧಿಸಿದವರೂ, ಶಿಕ್ಷೆ ಮುಗಿಸಿ ಬಂದಾಗ ಕರೆದು ಕೆಲಸ ಕೊಟ್ಟವರೂ ಬಾಲಕನ ತಂದೆ, ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಭಗವಾನ್‌ಚಂದ್ರ ಬೋಸರೇ. ಅನುಕೂಲಸ್ಥರೆಲ್ಲ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಿದ್ದ ಕಾಲದಲ್ಲಿ ಅವರು ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಅವನ ಪಕ್ಕದಲ್ಲಿ ಬೆಸ್ತನ ಮಗನೂ ಮುಸಲ್ಮಾನ ಜವಾನನ ಮಗನೂ ಕುಳಿತುಕೊಳ್ಳುತ್ತಿದ್ದರು. ಹಕ್ಕಿಗಳ, ಮೃಗಗಳ, ನೀರಿನ ಜೀವಿಗಳ ಕಥೆಗಳನ್ನು ಅವರ ಬಾಯಿಂದ ಕೇಳುತ್ತ ಬೆಳೆದ ಆ ಬಾಲಕನೇ ಜಗದೀಶಚಂದ್ರ ಬೋಸ್. ಅವರು ಜನಿಸಿದ್ದು 1858ರ ನವೆಂಬರ್ 30ರಂದು.

ಕಲ್ಕತ್ತೆಯ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿಗೆ ತೆರಳಿದ ಬೋಸರು ಮೊದಲು ವೈದ್ಯಶಾಸ್ತ್ರವನ್ನು ಆರಿಸಿಕೊಂಡರು. ಬೆಂಬಿಡದ ಜ್ವರದಿಂದಾಗಿ ಅದನ್ನು ಬಿಟ್ಟು ಕೇಂಬ್ರಿಜಿನಲ್ಲಿ ಪ್ರಕೃತಿ ವಿಜ್ಞಾನವನ್ನು ಅಭ್ಯಸಿಸಿದರು. 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಆಗ ಒಂದೇ ಹುದ್ದೆಗೆ ಆಂಗ್ಲರಿಗೊಂದು ಸಂಬಳ, ಭಾರತೀಯರಿಗೆ ಅದಕ್ಕಿಂತ ಕಡಿಮೆ ಸಂಬಳ. ಬೋಸರು ಕೆಲಸವನ್ನು ಬಿಡಲಿಲ್ಲ, ಸಂಬಳವನ್ನೂ ಮುಟ್ಟಲಿಲ್ಲ. ತಂದೆಯ ಸಾಲದ ಹೊರೆ ತಲೆಯ ಮೇಲಿದ್ದರೂ ಮೂರು ವರ್ಷ ಹೀಗೆಯೇ ಪಾಠ ಹೇಳಿದರು. ಕೊನೆಗೆ ಸರಕಾರವೇ ಮಣಿದು ಪೂರ್ಣ ವೇತನವನ್ನು ಹಿಂದಿನಿಂದಲೂ ಲೆಕ್ಕಹಾಕಿ ಕೊಟ್ಟಿತು.

ಕಾಲೇಜಿನ ಚಿಕ್ಕ ಕೋಣೆಯೊಂದರಲ್ಲಿ, ಸ್ಥಳೀಯ ತಗಡುಗೆಲಸದವನಿಗೆ ತಾವೇ ಕಲಿಸಿ ಮಾಡಿಸಿದ ಉಪಕರಣಗಳಿಂದ ಅವರು ವಿದ್ಯುತ್ಕಾಂತ ತರಂಗಗಳ ಸಂಶೋಧನೆ ನಡೆಸಿದರು. ಗೋಡೆಗಳನ್ನು ದಾಟಿ ಹೋದ ತರಂಗದಿಂದ ದೂರದಲ್ಲಿ ಗಂಟೆ ಬಾರಿಸಿ ತೋರಿಸಿದರು. ಈ ಕಾರ್ಯದಲ್ಲಿದ್ದಾಗಲೇ ಒಂದು ಸಣ್ಣ ಸಂಗತಿ ಅವರ ಗಮನ ಸೆಳೆಯಿತು. ತರಂಗಗಳನ್ನು ಗುರುತಿಸುವ ಲೋಹದ ಸಾಧನವು ಎಡೆಬಿಡದೆ ದುಡಿಸಿದಾಗ ಮಂದವಾಗುತ್ತಿತ್ತು. ಸ್ವಲ್ಪ ವಿರಾಮ ಕೊಟ್ಟರೆ ಮತ್ತೆ ಚುರುಕಾಗುತ್ತಿತ್ತು. ದಣಿದ ಮಾಂಸಖಂಡದ ನಡತೆಯೂ ಹೀಗೆಯೇ ಅಲ್ಲವೆ? ಹಾಗಾದರೆ ಪ್ರಾಣಿಗೂ ಲೋಹಕ್ಕೂ ನಡುವೆ ನಿಂತಿರುವ ಗಿಡಮರಗಳ ಗತಿಯೇನು? ಈ ಪ್ರಶ್ನೆ ಭೌತಶಾಸ್ತ್ರಜ್ಞರನ್ನು ಸಸ್ಯಲೋಕಕ್ಕೆ ಕರೆದೊಯ್ದಿತು.

ಮುಟ್ಟಿದರೆ ಮುನಿ ಗಿಡವು ಸೋಕಿದೊಡನೆ ಎಲೆ ಮಡಿಚುವುದನ್ನು ಎಲ್ಲರೂ ಬಲ್ಲರು. ಅಂಥ ಕೆಲವನ್ನು ಬಿಟ್ಟರೆ ಉಳಿದ ಗಿಡಗಳಿಗೆ ಸಂವೇದನೆಯಿಲ್ಲವೆಂದು ಅಂದಿನ ಪಂಡಿತರು ನಂಬಿದ್ದರು. ಬೋಸರು ಸಾಮಾನ್ಯ ತರಕಾರಿಗಳನ್ನೂ ಎಲೆದಂಟುಗಳನ್ನೂ ಪರೀಕ್ಷಿಸಿದರು. ಹೊರಗೆ ಅಲುಗದಿದ್ದರೂ, ಘಾತವಾದೊಡನೆ ಅವುಗಳಲ್ಲಿ ವಿದ್ಯುತ್ ಸ್ಪಂದನವು ಮೂಡುತ್ತಿತ್ತು. ಕ್ಲೋರೋಫಾರಂ ತಗಲಿದರೆ ಅದು ಕುಗ್ಗುತ್ತಿತ್ತು. ಗಿಡ ಸತ್ತರೆ ನಿಂತುಹೋಗುತ್ತಿತ್ತು.

1901ರ ಜೂನ್ ತಿಂಗಳಿನಲ್ಲಿ ಅವರು ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಶರೀರಕ್ರಿಯಾಶಾಸ್ತ್ರದ ಹಿರಿಯ ವಿದ್ವಾಂಸ ಬರ್ಡನ್ ಸ್ಯಾಂಡರ್ಸನ್ನರು ಒಪ್ಪಲಿಲ್ಲ. ಕೀಟಗಳನ್ನು ಹಿಡಿದು ತಿನ್ನುವ ಸಸ್ಯದಲ್ಲಿ ವಿದ್ಯುತ್ ಸ್ಪಂದನವನ್ನು 1873ರಲ್ಲಿಯೇ ಕಂಡುಹಿಡಿದಿದ್ದವರು ಅವರೇ ಎಂಬುದು ವಿಚಿತ್ರ. ಶೀರ್ಷಿಕೆಯಲ್ಲಿದ್ದ ಜೀವಸೂಚಕವಾದ ಪ್ರತಿಸ್ಪಂದನವೆಂಬ ಪದವನ್ನು ತೆಗೆದು, ಬರಿಯ ಭೌತಿಕ ಪ್ರತಿಕ್ರಿಯೆ ಎಂದು ಬರೆಯುವಂತೆ ಅವರು ಸೂಚಿಸಿದರು. ಆ ಒಂದು ಮಾತಿಗೆ ಒಪ್ಪಿದ್ದರೆ ವಿರೋಧ ತಣ್ಣಗಾಗುತ್ತಿತ್ತೇನೋ. ಬೋಸರು ಒಪ್ಪಲಿಲ್ಲ. ಪ್ರಬಂಧವು ಅಚ್ಚಾಗದೆ ಸೊಸೈಟಿಯ ಕಪಾಟನ್ನು ಸೇರಿತು. ಅವರು ರಜೆಯನ್ನು ಮುಂದುವರಿಸಿ ಲಂಡನ್ನಿನಲ್ಲಿಯೇ ಉಳಿದು ಪ್ರಯೋಗಗಳನ್ನು ಮತ್ತೆ ಮತ್ತೆ ಮಾಡಿದರು. ಮರುವರ್ಷ ಲಿನಿಯನ್ ಸೊಸೈಟಿಯ ಸಸ್ಯವಿಜ್ಞಾನಿಗಳು ಅವರನ್ನು ಆಹ್ವಾನಿಸಿ, ಪ್ರಯೋಗಗಳನ್ನು ಕಣ್ಣಾರೆ ಕಂಡು ಮೆಚ್ಚಿದರು.

ವಾದದಿಂದ ಸಂಶಯ ಅಳಿಯದೆಂದು ಅರಿತ ಬೋಸರು, ಗಿಡವೇ ತನ್ನ ಸಾಕ್ಷ್ಯವನ್ನು ಬರೆಯುವಂತೆ ಮಾಡಲು ಮುಂದಾದರು. ಎಲೆಗೆ ಹಗುರವಾದ ಸನ್ನೆಯನ್ನು ಕಟ್ಟಿ, ಅದರ ತುದಿಯು ಮಸಿ ಹಿಡಿಸಿದ ಗಾಜಿನ ಮೇಲೆ ಗೆರೆ ಎಳೆಯಬೇಕು. ಆದರೆ ಗಾಜಿನ ಘರ್ಷಣೆಯನ್ನು ಗೆಲ್ಲುವ ಬಲ ಎಲೆಗೆಲ್ಲಿಯದು? ಆಗ ಅವರು ಲೇಖನಿಯು ಗಾಜನ್ನು ಸದಾ ಒತ್ತದೆ, ಕಂಪಿಸುತ್ತ ಗೊತ್ತಾದ ಅಂತರದಲ್ಲಿ ಮಾತ್ರ ತಾಗುವಂತೆ ಏರ್ಪಡಿಸಿದರು. ಗೆರೆಯ ಬದಲು ಚುಕ್ಕಿಗಳ ಸಾಲು ಮೂಡಿತು. ಆ ಚುಕ್ಕಿಗಳೇ ಕಾಲದ ಅಳತೆಯೂ ಆದವು. ಮುಂದೆ ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ರಚಿಸಿದರು.

ಬಾಲ್ಯದ ಫರೀದ್‌ಪುರವೇ ಅವರಿಗೊಂದು ಪರೀಕ್ಷೆಯನ್ನು ಒಡ್ಡಿತು. ಅಲ್ಲಿ ಓರೆಯಾಗಿದ್ದ ಒಂದು ಈಚಲುಮರ ಸಂಜೆ ದೇವಾಲಯದ ಗಂಟೆ ಮೊಳಗುವ ವೇಳೆಗೆ ತಲೆಬಾಗಿ, ಬೆಳಗ್ಗೆ ಮೇಲೇಳುತ್ತಿತ್ತು. ಮರವು ಪ್ರಾರ್ಥಿಸುತ್ತಿದೆಯೆಂದು ಜನರು ಕೈಮುಗಿದು ಕಾಣಿಕೆ ಅರ್ಪಿಸುತ್ತಿದ್ದರು. ಒಡೆಯನನ್ನು ಒಪ್ಪಿಸಿ ಯಂತ್ರ ಜೋಡಿಸಿದಾಗ, ಮರವು ಎರಡು ಹೊತ್ತು ಮಾತ್ರವಲ್ಲ, ಇಡೀ ದಿನ ಚಲಿಸುತ್ತಿರುವುದು ತಿಳಿಯಿತು. ಶಾಖ ಏರಿದಂತೆ ಅದು ಬಾಗುತ್ತಿತ್ತು, ತಂಪಾದಂತೆ ಏಳುತ್ತಿತ್ತು. ಗಿಡಮರಗಳಲ್ಲಿ ಅಂತರಂಗದ ಜೀವನವಿದೆಯೆಂದು ಸಾರುತ್ತಿದ್ದವರೇ ಮರದ ಭಕ್ತಿಯನ್ನು ಶಾಖದ ಪರಿಣಾಮವೆಂದು ತೋರಿಸಿದರು.

1917ರ ನವೆಂಬರ್ 30ರಂದು, ತಮ್ಮ ಜನ್ಮದಿನದಂದೇ, ಕಲ್ಕತ್ತೆಯಲ್ಲಿ ಬೋಸ್ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. 1920ರಲ್ಲಿ ಲಂಡನ್ನಿನಲ್ಲಿ ಕ್ರೆಸ್ಕೋಗ್ರಾಫಿನ ಸತ್ಯತೆಯನ್ನು ಕೆಲವರು ಶಂಕಿಸಿದಾಗ, ವಿಜ್ಞಾನಿಗಳ ಎದುರಿಗೇ ಅದನ್ನು ನಡೆಸಿ ತೋರಿಸಿದರು. ಹತ್ತೊಂಬತ್ತು ವರ್ಷಗಳ ಹಿಂದೆ ಅವರ ಪ್ರಬಂಧವನ್ನು ಮೂಲೆಗಿಟ್ಟಿದ್ದ ರಾಯಲ್ ಸೊಸೈಟಿಯು ಅದೇ ವರ್ಷ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಅವರ ಎಲ್ಲ ತೀರ್ಮಾನಗಳೂ ಉಳಿದಿಲ್ಲ. ಕಾಂಡದೊಳಗಿನ ಜೀವಕೋಶಗಳ ಮಿಡಿತದಿಂದ ನೀರು ಮೇಲೇರುತ್ತದೆಂಬ ಅವರ ವಾದವನ್ನು ವಿಜ್ಞಾನವು ಅಂಗೀಕರಿಸಲಿಲ್ಲ. ಮಿದುಳಿಲ್ಲದ ಸಸ್ಯವು ನಮ್ಮಂತೆ ನೋವುನಲಿವುಗಳನ್ನು ಅನುಭವಿಸುತ್ತದೆಂಬುದೂ ಸಿದ್ಧಪಟ್ಟಿಲ್ಲ. ಆದರೆ ಗಿಡದ ಒಂದು ಭಾಗದಿಂದ ಇನ್ನೊಂದಕ್ಕೆ ವಿದ್ಯುತ್ ಸಂಕೇತಗಳು ಹರಿಯುವುದು ಈಗ ನಿರ್ವಿವಾದ. ಹುಳು ಕಚ್ಚಿದ ಎಲೆಯಿಂದ ಹೊರಟ ಸುದ್ದಿಯು ಕೆಲವೇ ನಿಮಿಷಗಳಲ್ಲಿ ದೂರದ ಎಲೆಗಳನ್ನು ಮುಟ್ಟುವುದನ್ನು 2018ರಲ್ಲಿ ಪ್ರಕಟವಾದ ಪ್ರಯೋಗಗಳು ಚಿತ್ರಗಳಲ್ಲಿಯೇ ತೋರಿಸಿವೆ.

ಬೋಸರು 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ನಿಧನರಾದರು. ಅವರ ಎಪ್ಪತ್ತೊಂಬತ್ತನೆಯ ಜನ್ಮದಿನಕ್ಕೆ ಆಗ ಒಂದು ವಾರವಿತ್ತು.