ಜೋಳಿಗೆಯಲ್ಲಿ ಬೆಳೆದ ಸಂಗೀತ ಶಾಲೆ: ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದವರು ನಮ್ಮ ಭಾಗದಲ್ಲಿ ಇರಲಿಕ್ಕಿಲ್ಲ. ಶ್ರಾವಣದ ಪುರಾಣ ಪ್ರವಚನಕ್ಕೆ ಪೇಟಿ ನುಡಿಸಲು, ತಬಲಾ ಸಾಥಿಗೆ ಬಂದವರನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ ಎಷ್ಟೋ ಸಲ ಗದುಗಿನ ಆಶ್ರಮವೆಂಬ ಉತ್ತರವೇ ಬರುತ್ತದೆ. ಮಕ್ಕಳು ತಿಳಿಯಬೇಕಾದ ಒಬ್ಬ ಮಹನೀಯರ ಬಗ್ಗೆ ಬರೆದುಕೊಡಿ ಎಂದು ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ಆ ಆಶ್ರಮದ ಮೂಲಪುರುಷ ಪಂಚಾಕ್ಷರಿ ಗವಾಯಿಗಳ ಜೀವನವನ್ನು ಆರಿಸಿಕೊಂಡಿದ್ದೇನೆ. ಅವರ ಜೀವನ ಕೇವಲ ಒಬ್ಬ ಗಾಯಕರ ಕಥೆಯಲ್ಲ. ಕಟ್ಟಡವಿಲ್ಲದೆ, ಸಂಬಳವಿಲ್ಲದೆ, ಜನರ ಒಂದೊಂದು ಹಿಡಿ ಕಾಳಿನಿಂದ ಒಂದು ಸಂಗೀತ ಶಾಲೆ ಹೇಗೆ ನಡೆಯಿತು ಎಂಬುದರ ಕಥೆ.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಬಾಲ್ಯದ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ದೃಷ್ಟಿ ಇರಲಿಲ್ಲ. ಬಡ ಮನೆ, ಸಣ್ಣ ಹಳ್ಳಿ, ಇಬ್ಬರು ಅಂಧ ಮಕ್ಕಳು. ಅಂದಿನ ಕಾಲದಲ್ಲಿ ಇಂಥ ಮಕ್ಕಳ ಮುಂದೆ ಭಿಕ್ಷೆಯ ಹೊರತು ಬೇರೆ ದಾರಿ ಇದೆಯೆಂದು ಯಾರೂ ಎಣಿಸುತ್ತಿರಲಿಲ್ಲ. ಆದರೆ ಇಬ್ಬರಿಗೂ ಒಳ್ಳೆಯ ಕಂಠವಿತ್ತು. ಕೇಳಿದ ಹಾಡನ್ನು ಕೇಳಿದಂತೆಯೇ ಹಾಡುತ್ತಿದ್ದರು.

ಈ ಹುಡುಗರ ಹಾಡು ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಬಿದ್ದದ್ದು ಅವರ ಬಾಳಿನ ದೊಡ್ಡ ತಿರುವು. ಸ್ವಾಮಿಗಳು ಮಕ್ಕಳನ್ನು ಹೊಗಳಿ, ಕೈಗೆ ನಾಲ್ಕು ಕಾಸು ಕೊಟ್ಟು ಕಳಿಸಲಿಲ್ಲ. ಅವರ ಊಟ, ಬಟ್ಟೆ, ವಿದ್ಯೆಯ ಹೊಣೆಯನ್ನೆಲ್ಲ ಹೊತ್ತರು. ಮುಂದೆ 1909ರಲ್ಲಿ ಬದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಇವರೇ. ಊರೂರು ತಿರುಗಿ ಭಕ್ತರಿಂದ ಕಾಳುಕಡಿ, ಹಣ ಕೂಡಿಸಿ ಶಾಲೆ, ಪ್ರಸಾದನಿಲಯಗಳನ್ನು ಬೆಳೆಸಿದ ಮಹಾತ್ಮರು. ಹಾಗೆ ಜನರಿಂದ ಬಂದದ್ದರಲ್ಲಿ ಒಂದು ಪಾಲು ಅಂಧ ಬಾಲಕನ ಸಂಗೀತಕ್ಕೂ ಸಂದಿತು.

ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತವನ್ನು ಕಲಿತರು. ಅನಂತರ ಹಿಂದೂಸ್ತಾನಿ ಸಂಗೀತವನ್ನು ನೀಲಕಂಠ ಬುವಾ ಅವರಲ್ಲಿಯೂ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಅವರಲ್ಲಿಯೂ ಅಭ್ಯಾಸ ಮಾಡಿದರು. ಹೀಗೆ ಎರಡೂ ಪದ್ಧತಿಗಳು ಅವರಿಗೆ ಕರಗತವಾದವು. ಹಾಡುವುದರ ಜೊತೆಗೆ ತಬಲಾ, ಹಾರ್ಮೋನಿಯಂ ಮೊದಲಾದ ವಾದ್ಯಗಳೂ ಒಲಿದವು. ಶರಣರ ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಹಳ್ಳಿಯ ಜನರಿಗೆ ತಲುಪಿಸಿದವರಲ್ಲಿ ಅವರು ಪ್ರಮುಖರು. ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು.

ಇಷ್ಟು ವಿದ್ಯೆ ಇದ್ದವರು ಸಂಸ್ಥಾನಗಳನ್ನು, ದೊಡ್ಡ ಪಟ್ಟಣಗಳನ್ನು ಹುಡುಕಿಕೊಂಡು ಹೋಗಬಹುದಿತ್ತು. ಗವಾಯಿಗಳು ಹಾಗೆ ಮಾಡಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ, ತಂದೆ ತಾಯಿ ಇಲ್ಲದ, ಬಡತನದಲ್ಲಿ ಬೆಂದ ಮಕ್ಕಳನ್ನು ಕೂಡಿಸಿಕೊಂಡು ಕಲಿಸಲು ನಿಂತರು. ಶಾಲೆಗೆ ಮನೆಯಿರಲಿಲ್ಲ. ಶಿಷ್ಯರನ್ನು ಕರೆದುಕೊಂಡು ಊರಿಂದೂರಿಗೆ ಹೋಗುವರು. ಮಠದಲ್ಲೋ ಗುಡಿಯಲ್ಲೋ ಇಳಿದುಕೊಳ್ಳುವರು. ಎಲ್ಲಿ ಬಿಡಾರವೋ ಅಲ್ಲಿಯೇ ಪಾಠ. ಊರವರು ಜೋಳ, ಬೇಳೆ, ಬೆಲ್ಲ ಕೊಡುವರು. ಗವಾಯಿಗಳೂ ಶಿಷ್ಯರೂ ಊರವರಿಗೆ ಸಂಗೀತ ಕೇಳಿಸುವರು. ಇದನ್ನು ಜನ ಸಂಚಾರಿ ಸಂಗೀತ ಪಾಠಶಾಲೆ ಎಂದು ನೆನೆಯುತ್ತಾರೆ. ಮಕ್ಕಳಿಂದ ಶುಲ್ಕವಿಲ್ಲ. ಊಟ, ವಸತಿ, ವಿದ್ಯೆ ಮೂರೂ ಉಚಿತ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ವ್ಯವಹಾರ ಇದಲ್ಲ. ಊರು ಕಾಳು ಕೊಟ್ಟಿತು, ಶಾಲೆ ಸಂಗೀತ ಕೊಟ್ಟಿತು. ಹೊಲದಲ್ಲಿ ದುಡಿದು ಬಂದ ರೈತ ಗುಡಿಯ ಕಟ್ಟೆಯ ಮೇಲೆ ಕುಳಿತು ದೊಡ್ಡ ಸಂಗೀತವನ್ನು ಕೇಳಿದ. ರಾಗದ ಹೆಸರು ಗೊತ್ತಿಲ್ಲದಿದ್ದರೂ ಅದರ ರುಚಿ ಅವನಿಗೆ ಹತ್ತಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಒಳ್ಳೆಯ ಹಾಡಿಗೆ ತಲೆದೂಗುವ ಜನ ಇದ್ದಾರೆಂದರೆ ಅದರಲ್ಲಿ ಈ ತಿರುಗಾಟದ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ಶಿಷ್ಯರನ್ನು ಅವರು ಬೆಳೆಸಿದ ರೀತಿಗೆ ಒಂದೇ ಉದಾಹರಣೆ ಸಾಕು. ಕುಂದಗೋಳ ತಾಲೂಕಿನ ಯಲಿವಾಳದ ಬಾಲಕ ಬಸವರಾಜ ರಾಜಗುರು ಗವಾಯಿಗಳಲ್ಲಿ ಕಲಿಯುತ್ತಿದ್ದರು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯಾಗಿ 600 ವರ್ಷ ತುಂಬಿದ ಉತ್ಸವ ಹಂಪಿಯಲ್ಲಿ ನಡೆಯಿತು. ಅಲ್ಲಿ ರಾಜಗುರು ಅವರು ಹಾಡಲು ಕುಳಿತಾಗ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳು. ನಾಡಿನ ಮುಂದೆ ಶಿಷ್ಯನನ್ನು ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ಕುಳಿತು ತಾಳ ಹಿಡಿದ ಗುರು ಅವರು. ಶಿಕ್ಷಕ ವೃತ್ತಿಯಲ್ಲಿ ಇರುವವರೆಲ್ಲ ನೆನಪಿಡಬೇಕಾದ ಸಂಗತಿ ಇದು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಅವರೂ ಇವರ ಗರಡಿಯಲ್ಲಿ ಬೆಳೆದವರೇ.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನಿಗಿದ್ದ ದೊಡ್ಡ ಆಸರೆ ಹೋಯಿತು. ಆದರೂ ಗವಾಯಿಗಳು ಮಕ್ಕಳ ಕೈ ಬಿಡಲಿಲ್ಲ. ತಿರುಗುತ್ತಿದ್ದ ಶಾಲೆ ಕೊನೆಗೆ ಗದುಗಿನಲ್ಲಿ, ಅಲ್ಲಿನ ದಾನಿಗಳ ನೆರವಿನಿಂದ, ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಆಗ ಅವರಿಗೆ 52 ವರ್ಷ.

ಗುರು ಹೋದೊಡನೆ ಶಾಲೆ ಮುಚ್ಚುವುದು ಲೋಕದಲ್ಲಿ ಸಾಮಾನ್ಯ. ಇಲ್ಲಿ ಹಾಗಾಗಲಿಲ್ಲ. ಅವರ ಶಿಷ್ಯ, ಹಾನಗಲ್ ಸೀಮೆಯವರೇ ಆದ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತರು. ಅವರಿಗೂ ದೃಷ್ಟಿ ಇರಲಿಲ್ಲ. 1944ರಿಂದ 2010ರಲ್ಲಿ ತಾವು ಕಣ್ಮುಚ್ಚುವವರೆಗೆ 66 ವರ್ಷ ಆಶ್ರಮವನ್ನು ನಡೆಸಿದರು. ನಾಟಕ ಕಂಪನಿಯ ಗಳಿಕೆಯಿಂದ, ಭಕ್ತರು ಊರೂರಲ್ಲಿ ಮಾಡಿದ ತುಲಾಭಾರದ ಕಾಣಿಕೆಯಿಂದ ಮಕ್ಕಳಿಗೆ ಅನ್ನ ಹಾಕಿದರು. ಗುರುಗಳ ಜೀವನ 1995ರಲ್ಲಿ ಚಲನಚಿತ್ರವಾಗಿಯೂ ಬಂದಿತು. ಅದಕ್ಕೆ ಸಂಗೀತ ನೀಡಿದ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಈಗ ನಮ್ಮ ಶಾಲೆಯ ಮಾತು. ನಾನು ಓದುವಾಗ ಇಲ್ಲಿ ಸಂಗೀತದ ಮಾಸ್ತರರಿದ್ದರು. ವಾರಕ್ಕೆ ಎರಡು ತಾಸು ಪಾಠವಿತ್ತು. ಪ್ರಾರ್ಥನೆಗೆ ಪೇಟಿ ಬಾರಿಸುತ್ತಿದ್ದವರು ನಾವೇ ಮಕ್ಕಳು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮುಖ್ಯೋಪಾಧ್ಯಾಯರು ಮೇಲಿಂದ ಮೇಲೆ ಬರೆದದ್ದುಂಟು, ಊರ ಹಿರಿಯರು ಹೋಗಿ ಕೇಳಿದ್ದೂ ಉಂಟು. ಪೇಟಿ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಇಂದು ನಾಡಗೀತೆಯನ್ನು ಮೊಬೈಲಿನಲ್ಲಿ ಹಾಕುತ್ತಾರೆ, ಮಕ್ಕಳು ಅದರ ಹಿಂದೆ ದನಿ ಕೂಡಿಸುತ್ತಾರೆ. ಪ್ರತಿಭಾ ಕಾರಂಜಿಗೆ ಹೋಗುವ ಮಕ್ಕಳು ಭಾವಗೀತೆ, ಜನಪದ ಗೀತೆಗಳನ್ನು ಅದೇ ಮೊಬೈಲಿನಿಂದ ಕಲಿಯುತ್ತಾರೆ. ದುಡ್ಡಿದ್ದವರ ಮಕ್ಕಳು ಪಟ್ಟಣದಲ್ಲಿ ಸಂಗೀತದ ಕ್ಲಾಸಿಗೆ ಸೇರುತ್ತಾರೆ. ಕೂಲಿಯವರ ಮಗಳಿಗೆ ಕಂಠವಿದ್ದರೆ ಅವಳಿಗೆ ಈ ಶಾಲೆಯ ಹೊರತು ಬೇರೆ ಎಲ್ಲಿದೆ?

ಸುವರ್ಣ ಮಹೋತ್ಸವದ ನಿಧಿಯಲ್ಲಿ ಮಹಾದ್ವಾರ ಕಟ್ಟಬೇಕೆಂಬ ಮಾತು ನಡೆದಿದೆ. ಕಟ್ಟಲಿ, ನನ್ನ ವಿರೋಧವಿಲ್ಲ. ಆದರೆ ಅದಕ್ಕೂ ಮೊದಲು ಒಬ್ಬ ಸಂಗೀತ ಶಿಕ್ಷಕರ ಗೌರವಧನಕ್ಕೆ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡೋಣ. ಎಸ್‌ಡಿಎಂಸಿಯವರೂ ಶಿಕ್ಷಕರೂ ಕೂಡಿ ಅದನ್ನು ನೋಡಿಕೊಳ್ಳಲಿ, ಲೆಕ್ಕವನ್ನು ವರ್ಷಕ್ಕೊಮ್ಮೆ ಊರ ಮುಂದೆ ಓದಲಿ. ಹೊರಗಿರುವ ಹಳೆಯ ವಿದ್ಯಾರ್ಥಿಗಳು ಪೇಟಿ, ತಬಲಾ ರಿಪೇರಿಗೆ ನೆರವಾಗಲಿ. ಊರವರು ರಾಶಿಯ ಕಾಲಕ್ಕೆ ಕಣದಿಂದ ಮನೆಗೊಂದು ಸೇರು ಜೋಳ ತೆಗೆದಿಡಲಿ. ನಮ್ಮ ಭಜನಾ ಮೇಳದಲ್ಲಿ ಒಳ್ಳೆಯ ಪೇಟಿ ಮಾಸ್ತರರಿದ್ದಾರೆ, ತಬಲಜಿಗಳಿದ್ದಾರೆ. ಅವರು ವಾರಕ್ಕೊಂದು ಸಂಜೆ ಶಾಲೆಗೆ ಬಂದರೂ ಆರಂಭವಾಗುತ್ತದೆ. ವರ್ಷದ ಕೊನೆಗೆ ಮಕ್ಕಳು ಗುಡಿಯ ಮುಂದೆ ಹಾಡಿ ಊರಿನ ಋಣ ತೀರಿಸಲಿ.

ಹೀಗೆ ಮಾಡಿದರೆ ಸರಕಾರದ ಹೊಣೆ ತೀರಿತು ಎಂದಲ್ಲ. ಖಾಲಿ ಹುದ್ದೆಯನ್ನು ತುಂಬಿರೆಂದು ನಾವು ಕೇಳುತ್ತಲೇ ಇರಬೇಕು. ಆದರೆ ಹುದ್ದೆ ತುಂಬುವ ತನಕ ಎಂಟನೆಯ ಇಯತ್ತೆಯ ಮಗು ಎಂಟನೆಯಲ್ಲೇ ನಿಂತು ಕಾಯುವುದಿಲ್ಲ. ಎರಡು ವರ್ಷದಲ್ಲಿ ಅದು ಶಾಲೆ ಬಿಟ್ಟು ಹೋಗಿರುತ್ತದೆ.

ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನ ಕಂಠ ದೇವರು ಕೊಟ್ಟದ್ದು ಇರಬಹುದು. ಅವನಿಗೆ ಗುರುಗಳನ್ನು ಒದಗಿಸಿದ್ದು, ಅನ್ನ ಹಾಕಿದ್ದು ಮಾತ್ರ ನಮ್ಮಂಥ ಹಳ್ಳಿಯ ಜನ. ಅಂಥ ಕಂಠ ನಮ್ಮ ಶಾಲೆಯ ಯಾವ ಬೆಂಚಿನ ಮೇಲೆ ಕುಳಿತಿದೆಯೋ ಕಲಿಸದೆ ತಿಳಿಯುವುದಿಲ್ಲ. ಮಹೋತ್ಸವ ಸಮಿತಿಯವರೂ ಊರ ಹಿರಿಯರೂ ಇದನ್ನು ಮನಸ್ಸಿಗೆ ತೆಗೆದುಕೊಂಡು ಬರುವ ಜೂನ್ ತಿಂಗಳಿಂದಲೇ ಸಂಗೀತದ ಪಾಠ ಮತ್ತೆ ಆರಂಭವಾಗುವಂತೆ ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.