ಪಾಶ್ಚರ್‌ಗೆ ಲಕ್ವ ಹೊಡೆದಾಗ ನಿಂತುಹೋದ ಕಟ್ಟಡ

ಲೂಯಿ ಪಾಶ್ಚರ್ ಅಂದ ತಕ್ಷಣ ನೆನಪಾಗೋದು ಹುಚ್ಚುನಾಯಿ ಕಡಿತದ ಲಸಿಕೆ. 1885ರಲ್ಲಿ ಆ ಲಸಿಕೆ 9 ವರ್ಷದ ಜೋಸೆಫ್ ಮೈಸ್ಟರ್‌ನನ್ನು ಉಳಿಸಿತು. ಆ ಹೊತ್ತಿಗೆ ಪಾಶ್ಚರ್ ಅವರ ಎಡಗೈ, ಎಡಗಾಲು ಸ್ವಾಧೀನ ತಪ್ಪಿ 16 ವರ್ಷ ಕಳೆದಿತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

ಹುಟ್ಟಿದ್ದು 1822ರಲ್ಲಿ, ಫ್ರಾನ್ಸಿನ ದೋಲ್ ಊರಿನ ಚರ್ಮ ಹದ ಮಾಡುವವರ ಮನೆಯಲ್ಲಿ. 1865ರಲ್ಲಿ ಸರ್ಕಾರ ಅವರನ್ನು ದಕ್ಷಿಣದ ರೇಷ್ಮೆ ಸೀಮೆಗೆ ಕಳಿಸಿತು. ಅಲ್ಲಿ ಪೆಬ್ರಿನ್ ರೋಗಕ್ಕೆ ಹುಳುಗಳು ಸಾಯುತ್ತಿದ್ದವು, ಸಾಕುವವರು ಬೀದಿಗೆ ಬಿದ್ದಿದ್ದರು. ಒಂದೇ ವರ್ಷದೊಳಗೆ ತಂದೆಯನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಕಳೆದುಕೊಂಡರೂ ಪಾಶ್ಚರ್ ಆ ಕೆಲಸ ಬಿಡಲಿಲ್ಲ.

1868ರ ಅಕ್ಟೋಬರ್ 19ರಂದು, 45ನೇ ವಯಸ್ಸಿನಲ್ಲಿ, ದೇಹದ ಎಡಭಾಗ ಜುಮುಗುಡತೊಡಗಿತು. ಆದರೂ ವಿಜ್ಞಾನ ಅಕಾಡೆಮಿಗೆ ಹೋಗಿ ಪ್ರಬಂಧ ಓದಿ ಬಂದರು. ರಾತ್ರಿ ಮಾತು ನಿಂತಿತು, ಎಡಭಾಗ ಪೂರ್ತಿ ಬಿದ್ದುಹೋಯಿತು. ಡಾಕ್ಟರುಗಳು ಜಿಗಣೆ ಹಚ್ಚಿದರು. ಆಗ ಇದ್ದದ್ದು ಅಂಥ ಚಿಕಿತ್ಸೆಯೇ.

ಅದೇ ಸಮಯದಲ್ಲಿ ಪ್ಯಾರಿಸ್‌ನಲ್ಲಿ ಅವರಿಗಾಗಿ ಹೊಸ ಪ್ರಯೋಗಾಲಯ ಕಟ್ಟಲಾಗುತ್ತಿತ್ತು. ಮನುಷ್ಯ ಉಳಿಯೋದಿಲ್ಲ ಅಂತ ಲೆಕ್ಕ ಹಾಕಿ ಅಧಿಕಾರಿಗಳು ಕಟ್ಟಡದ ಕೆಲಸ ನಿಲ್ಲಿಸಿಬಿಟ್ಟರು. ಹಾಸಿಗೆಯಲ್ಲಿದ್ದ ಪಾಶ್ಚರ್‌ಗೆ ಇದು ಗೊತ್ತಾಗಿ ಕಾಯಿಲೆಗಿಂತ ಹೆಚ್ಚು ನೋವಾಯಿತು. ಚಕ್ರವರ್ತಿಯವರೆಗೆ ದೂರು ಹೋದ ಮೇಲೆ ಕೆಲಸ ಮತ್ತೆ ಶುರುವಾಯಿತು.

ಲಕ್ವ ಹೊಡೆದ ಸುಮಾರು ಒಂದು ವಾರಕ್ಕೇ ಅವರು ಮಲಗಿದಲ್ಲಿಂದಲೇ ರೇಷ್ಮೆಹುಳು ಕುರಿತ ಟಿಪ್ಪಣಿ ಹೇಳಿ ಬರೆಸಿದ್ದರು. ಮೂರು ತಿಂಗಳಿಗೆ ರೈಲು ಹತ್ತಿ ರೇಷ್ಮೆ ಸೀಮೆಗೆ ವಾಪಸ್ ಹೊರಟರು. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸಿಕೊಳ್ಳುವ ಅವರ ವಿಧಾನದ ಮೇಲೇ ನಮ್ಮ ಕರ್ನಾಟಕದ ಬಿತ್ತನೆ ಕೋಠಿಗಳು ಇವತ್ತಿಗೂ ನಿಂತಿವೆ.

ಇದನ್ನು ಛಲದ ಕಥೆಯಾಗಿ ಹೇಳಿ ಮುಗಿಸೋದು ಸುಲಭ, ಆದರೆ ಅದು ಅರ್ಧ ಸತ್ಯ. ಕುಂಟುತ್ತಾ ನಡೆಯುತ್ತಿದ್ದ, ಎಡಗೈ ಬಿಗಿದುಕೊಂಡಿದ್ದ ಪಾಶ್ಚರ್‌ಗೆ ಹೆಂಡತಿ ಮರಿ ಬರವಣಿಗೆಗೆ ಕೈಯಾದರು. ಪ್ರಯೋಗಗಳಿಗೆ ರೂ, ಷಾಂಬರ್ಲಾನ್ ಅವರಂಥ ಸಹಾಯಕರಿದ್ದರು. ಹೆಸರು ಮಾತ್ರ ಹೆಚ್ಚಾಗಿ ಒಬ್ಬರಿಗೇ ಬಂತು. 1881ರಲ್ಲಿ ಕುರಿಗಳಿಗೆ ಕೊಟ್ಟ ಪ್ರಸಿದ್ಧ ಆಂಥ್ರಾಕ್ಸ್ ಲಸಿಕೆ ತಯಾರಾಗಿದ್ದು ಷಾಂಬರ್ಲಾನ್ ವಿಧಾನದಲ್ಲಿ ಅನ್ನೋದನ್ನು ಪಾಶ್ಚರ್ ಜನರಿಗೆ ಹೇಳಲೇ ಇಲ್ಲ.

1895ರಲ್ಲಿ ತೀರಿಕೊಳ್ಳುವವರೆಗೆ, 27 ವರ್ಷ, ಅವರು ಲಕ್ವದ ಜೊತೆಗೇ ಬದುಕಿದರು. ಅವರ ಬಳಿ ಸಂಬಳವಿತ್ತು, ಸಹಾಯಕರಿದ್ದರು, ಚಕ್ರವರ್ತಿಗೆ ಮಾತು ಮುಟ್ಟಿಸುವವರಿದ್ದರು. ಮೂವತ್ತರ ವಯಸ್ಸಲ್ಲಿ ಲಕ್ವ ಹೊಡೆದ ಡೆಲಿವರಿ ಹುಡುಗನಿಗೆ, ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಯಾರಿದ್ದಾರೆ? ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಸರ್ಕಾರದ ಹೊರಗೆ ದುಡಿಯುವವರಿಗೆ ಈ ಭರವಸೆ ಇಲ್ಲ. ಅವರ ವಿಷಯದಲ್ಲಿ ಕಟ್ಟಡದ ಕೆಲಸ ನಿಲ್ಲಿಸುವ ಲೆಕ್ಕಾಚಾರ ದಿನವೂ ನಡೆಯುತ್ತಿದೆ, ದೂರು ಮಾತ್ರ ಎಲ್ಲಿಗೂ ಮುಟ್ಟುತ್ತಿಲ್ಲ.