ಕೃಷ್ಣದೇವರಾಯನ ಕುದುರೆಗಳು ಬೆದರುತ್ತಿರಲಿಲ್ಲವೇ?

ಕೃಷ್ಣದೇವರಾಯ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕ್ಯಾಲೆಂಡರಿನಲ್ಲಿ, ಸಿನಿಮಾದಲ್ಲಿ ಕಂಡ ಚಿತ್ರ. ಕೈಯಲ್ಲಿ ಕತ್ತಿ ಹಿಡಿದ ಅರಸ, ಸುತ್ತ ಹೊಗೆ ಮತ್ತು ಬೆಂಕಿ. ಅವನ ಕುದುರೆ ಮಾತ್ರ ಯಾವುದಕ್ಕೂ ಜಗ್ಗದೆ ನಿಂತಿದೆ. ಇಂಥ ಚಿತ್ರಗಳನ್ನು ನೋಡಿ ನೋಡಿ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಒಳ್ಳೆಯ ಕುದುರೆ ಹುಟ್ಟುತ್ತಲೇ ಧೈರ್ಯಶಾಲಿ, ಬೆದರುವ ಕುದುರೆಯ ಜಾತಿಯೇ ಸರಿಯಿಲ್ಲ, ಇಲ್ಲವೇ ಅದರ ಸುಳಿ ಸರಿಯಿಲ್ಲ, ನಾಲ್ಕು ಏಟು ಬಿಗಿದರೆ ದಾರಿಗೆ ಬರುತ್ತದೆ ಎಂಬುದು ಆ ನಂಬಿಕೆ.

ಇದರಲ್ಲಿ ನಿಜವೆಷ್ಟು? ಕೃಷ್ಣದೇವರಾಯನ ಬದುಕನ್ನೇ ಹಿಡಿದು ನೋಡೋಣ. ಅವನ ಸಾಮ್ರಾಜ್ಯ ನಿಂತದ್ದೇ ಕುದುರೆಗಳ ಮೇಲೆ.

ಕುದುರೆ ಇಲ್ಲದ ನಾಡಿನ ಅರಸ

ವಿಜಯನಗರದ ಕಥೆ ಶುರುವಾಗುವುದು ಇಂದಿನ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ. ತುಂಗಭದ್ರೆಯ ಈ ದಡದಲ್ಲಿ ಆನೆಗೊಂದಿ, ಆ ದಡದಲ್ಲಿ ಹಂಪಿ. ತುಳುವ ನರಸನಾಯಕ ಮತ್ತು ನಾಗಲಾಂಬೆಯರ ಮಗ ಕೃಷ್ಣದೇವರಾಯ 1509ರಲ್ಲಿ ಅಣ್ಣ ವೀರನರಸಿಂಹನ ನಂತರ ಅಧಿಕಾರಕ್ಕೆ ಬಂದ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಅವನು ಕಟ್ಟಿಸಿದ ರಂಗಮಂಟಪ ಮತ್ತು 1510ರ ಶಾಸನ ಇಂದಿಗೂ ಇವೆ.

ಪಟ್ಟಕ್ಕೆ ಬಂದ ಅರಸನಿಗೆ ಒಂದು ದೊಡ್ಡ ಚಿಂತೆ ಇತ್ತು. ಯುದ್ಧಕ್ಕೆ ಬೇಕಾದ ಎತ್ತರದ, ಬಲವಾದ ಕುದುರೆಗಳು ದಕ್ಷಿಣದಲ್ಲಿ ಬೇಕಾದಷ್ಟು ಹುಟ್ಟುತ್ತಿರಲಿಲ್ಲ. ಅವು ಅರೇಬಿಯಾದಿಂದ, ಪರ್ಷಿಯಾ ಕೊಲ್ಲಿಯ ಹೋರ್ಮುಜ್‌ನಿಂದ ಹಡಗಿನಲ್ಲಿ ಬರಬೇಕಿತ್ತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಈ ವ್ಯಾಪಾರದ ಬಾಗಿಲು ಅವರ ಕೈಗೆ ಹೋಯಿತು. ರಾಯ ಅವರೊಡನೆ ಸ್ನೇಹ ಕಾಪಾಡಿಕೊಂಡದ್ದಕ್ಕೆ ಇದು ಮುಖ್ಯ ಕಾರಣ. ಅವನು ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದಾ ಕಾವ್ಯದ ರಾಜನೀತಿಯ ಭಾಗದಲ್ಲೂ ಈ ಮಾತು ಬರುತ್ತದೆ. ಆನೆ, ಕುದುರೆ ತರುವ ದೂರದ ವ್ಯಾಪಾರಿಗಳಿಗೆ ಒಳ್ಳೆಯ ಮನೆ, ಮರ್ಯಾದೆ, ಲಾಭ ಕೊಟ್ಟು ಉಳಿಸಿಕೊಳ್ಳಬೇಕು, ಆಗ ಆ ಪ್ರಾಣಿಗಳು ಶತ್ರುಗಳ ಪಾಲಾಗುವುದಿಲ್ಲ ಎಂಬುದು ಅದರ ಸಾರ.

ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಮತ್ತು ಹಜಾರರಾಮ ದೇವಾಲಯದ ಗೋಡೆಗಳನ್ನು ಗಮನಿಸಿರುತ್ತೀರಿ. ಸಾಲು ಸಾಲು ಕುದುರೆಗಳು, ಅವುಗಳನ್ನು ಹಿಡಿದು ನಡೆಸುವ ಆಳುಗಳು. ಕಲ್ಲಿನಲ್ಲಿ ಆ ಆಳುಗಳಿಗೂ ಜಾಗ ಸಿಕ್ಕಿರುವುದನ್ನು ನೆನಪಿಟ್ಟುಕೊಳ್ಳಿ.

ಬೆಳಗಿನ ಜಾವದ ಸವಾರಿ

1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅರಸನನ್ನು ಕಣ್ಣಾರೆ ಕಂಡವನು. ಅವನ ಬರಹದಲ್ಲಿ ರಾಯ ಸಾಧಾರಣ ಎತ್ತರದ, ಮೈಕೈ ತುಂಬಿಕೊಂಡ, ಮುಖದ ಮೇಲೆ ಸಿಡುಬಿನ ಕಲೆಗಳಿದ್ದ ಮನುಷ್ಯ. ಕ್ಯಾಲೆಂಡರ್ ಚಿತ್ರದಲ್ಲಿ ಆ ಕಲೆಗಳು ಕಾಣುವುದಿಲ್ಲ.

ಪೇಸ್ ರಾಯನ ದಿನಚರಿಯನ್ನೂ ಬರೆದಿದ್ದಾನೆ. ನಸುಕಿಗೆ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಬೆವರಿನ ಜೊತೆ ಎಣ್ಣೆಯೆಲ್ಲ ಇಳಿಯುವವರೆಗೆ ಕಸರತ್ತು ಮಾಡಿ, ಒಬ್ಬ ಜಟ್ಟಿಯ ಜೊತೆ ಕುಸ್ತಿ ಆಡುತ್ತಿದ್ದ. ಆಮೇಲೆ ಕುದುರೆ ಹತ್ತಿ, ಬೆಳಕು ಹರಿಯುವವರೆಗೆ ಬಯಲಿನಲ್ಲಿ ಆ ಕಡೆಗೆ ಈ ಕಡೆಗೆ ಓಡಿಸುತ್ತಿದ್ದ. (ಎಣ್ಣೆ ಕುಡಿಯುವುದನ್ನು ಯಾರೂ ಅನುಸರಿಸಬೇಡಿ. ಪೇಸ್ ಹೇಳುವ ಅಳತೆ ಈಗಿನ ಲೆಕ್ಕದಲ್ಲಿ ಸುಮಾರು 400 ಮಿಲಿಲೀಟರ್. ಅದರಲ್ಲಿ 3,000ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ.)

ನಮಗೆ ಇಲ್ಲಿ ಮುಖ್ಯವಾದದ್ದು ದಿನವೂ ಎಂಬ ಮಾತು. ದಂಡಯಾತ್ರೆ ವರ್ಷಕ್ಕೊಮ್ಮೆ ಬರಬಹುದು, ಸವಾರಿ ಮಾತ್ರ ದಿನ ತಪ್ಪುತ್ತಿರಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಮಂದ ಬೆಳಕಿನಲ್ಲಿ ಕುದುರೆ ಮನುಷ್ಯನಿಗಿಂತ ಚೆನ್ನಾಗಿ ನೋಡಬಲ್ಲದು. ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮತ್ತೆ ಪ್ರತಿಫಲಿಸುವ ಪದರವೊಂದಿದೆ. ರಾತ್ರಿ ಬೆಳಕು ಬಿದ್ದಾಗ ದನ, ಬೆಕ್ಕಿನ ಕಣ್ಣು ಹೊಳೆಯುವುದೂ ಇಂಥದೇ ಪದರದಿಂದ.

ಕುದುರೆ ಯಾಕೆ ಬೆದರುತ್ತದೆ?

ಕುದುರೆಯ ಪೂರ್ವಜರು ಬಯಲಿನಲ್ಲಿ ಹುಲ್ಲು ಮೇಯುತ್ತ, ಬೇಟೆಯ ಪ್ರಾಣಿಗಳಿಂದ ತಪ್ಪಿಸಿಕೊಂಡು ಬದುಕಿದವು. ಮೊದಲು ಓಡು, ಆಮೇಲೆ ನೋಡು ಎಂಬುದೇ ಅವುಗಳನ್ನು ಉಳಿಸಿದ ಗುಣ. ಗಾಳಿಗೆ ಅಲುಗಾಡಿದ ಪೊದೆಯ ಹಿಂದೆ ಏನೂ ಇಲ್ಲದಿದ್ದರೆ ಓಡಿದ್ದಕ್ಕೆ ಸ್ವಲ್ಪ ಶಕ್ತಿ ಖರ್ಚು, ಅಷ್ಟೆ. ಹಿಂದೆ ತೋಳವಿದ್ದು ಓಡದಿದ್ದರೆ ಜೀವವೇ ಹೋಗುತ್ತಿತ್ತು.

ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ತಲೆ ತಿರುಗಿಸದೆಯೇ ಸುಮಾರು 350 ಡಿಗ್ರಿಯಷ್ಟು ಸುತ್ತಳತೆಯನ್ನು ನೋಡಬಲ್ಲದು. ಆದರೆ ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಮತ್ತು ಬಾಲದ ಹಿಂದೆ ಅದಕ್ಕೆ ಕಾಣುವುದಿಲ್ಲ. ಕಾಣದ ಕಡೆಯಿಂದ ಏನಾದರೂ ಥಟ್ಟನೆ ಬಂದರೆ ಬೆಚ್ಚುತ್ತದೆ. ಮನುಷ್ಯನ ಕಿವಿ ಸುಮಾರು 20 ಕಿಲೊಹರ್ಟ್ಜ್‌ವರೆಗಿನ ದನಿ ಕೇಳಿದರೆ, ಕುದುರೆಯ ಕಿವಿ 30 ಕಿಲೊಹರ್ಟ್ಜ್ ದಾಟಿಯೂ ಕೇಳುತ್ತದೆ. ಅಂದರೆ ನಮಗೆ ಏನೂ ಇಲ್ಲದ ಕಡೆ ಅದಕ್ಕೆ ಏನೋ ಇದೆ.

ಕುದುರೆಯ ಕಣ್ಣಿಗೆ ಎಲ್ಲವೂ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ಹೆದರುತ್ತದೆ ಎನ್ನುವವರಿದ್ದಾರೆ. ಇದು ಸುಳ್ಳು. ಕಣ್ಣು ದೊಡ್ಡದಾಗಿದ್ದ ಮಾತ್ರಕ್ಕೆ ವಸ್ತು ದೊಡ್ಡದಾಗಿ ಕಾಣುವುದಿಲ್ಲ.

ಹೀಗೆ ನೋಡಿದರೆ ಬೆದರುವುದು ಕುದುರೆಯ ದೋಷವಲ್ಲ, ಅದು ಕುದುರೆಯ ಸ್ವಭಾವ. ರಾಯನ ಕುದುರೆಗಳಿಗೂ ಇದೇ ಕಣ್ಣು, ಇದೇ ಕಿವಿ ಇದ್ದವು. ವಾರಗಟ್ಟಲೆ ಹಡಗಿನಲ್ಲಿ ತೂಗಾಡಿ, ಘಟ್ಟ ಹತ್ತಿ ಬಂದ ಪ್ರಾಣಿಗೆ ಹಂಪಿಯ ಆನೆ, ನಗಾರಿ, ಜನಜಂಗುಳಿ ಎಲ್ಲವೂ ಹೊಸತು.

ಮಹಾನವಮಿಯ ಬಾಣಬಿರುಸು

ಪೇಸ್ ಬರೆದ ಮಹಾನವಮಿಯ ವರ್ಣನೆ ಇದಕ್ಕೇ ಕುತೂಹಲ ಹುಟ್ಟಿಸುತ್ತದೆ. ರಾತ್ರಿ ಬಾಣಬಿರುಸು ಹಾರುತ್ತವೆ, ಮದ್ದು ತುಂಬಿದ ಕೋಟೆಗಳು ಸಿಡಿಯುತ್ತವೆ. ಅದಾದ ಮೇಲೆ ರಥಗಳು, ಅವುಗಳ ಹಿಂದೆ ಅಲಂಕರಿಸಿದ ಅರಸನ ಕುದುರೆಗಳು ಬರುತ್ತವೆ. ಅವು ಕುಣಿಯುತ್ತ ಹೆಜ್ಜೆ ಹಾಕುತ್ತವೆ, ಸಾಲಾಗಿ ಬಂದು ಅರಸನ ಮುಂದೆ ನಿಲ್ಲುತ್ತವೆ. ಇಲ್ಲಿಯ ಕುದುರೆಗಳೆಲ್ಲ ಆ ಕಲೆಯಲ್ಲಿ ತರಬೇತಿ ಪಡೆದವು ಎಂದು ಪೇಸ್ ಬೆರಗಿನಿಂದ ಹೇಳುತ್ತಾನೆ.

ತರಬೇತಿ ಕೊಟ್ಟವರು ಯಾರು? ಉತ್ತರ ಇನ್ನೊಬ್ಬ ಪೋರ್ಚುಗೀಸನ ಬರಹದಲ್ಲಿದೆ. ಫರ್ನಾವ್ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ರಾಯ ತೀರಿಕೊಂಡ ಕೆಲವೇ ವರ್ಷಗಳ ನಂತರ, ತಮ್ಮ ಅಚ್ಯುತರಾಯನ ಕಾಲದಲ್ಲಿ ಅವನು ವಿಜಯನಗರದಲ್ಲಿದ್ದ. ಅರಮನೆಯ ಸಿಬ್ಬಂದಿಯ ಲೆಕ್ಕ ಕೊಡುವಾಗ ಅವನು ಕುದುರೆಗಳನ್ನು ನೋಡಿಕೊಳ್ಳುವ 1,600 ಆಳುಗಳನ್ನೂ, ಅವರಿಂದ ಬೇರೆಯಾಗಿ 300 ಮಂದಿ ಕುದುರೆ ಪಳಗಿಸುವವರನ್ನೂ ಹೆಸರಿಸುತ್ತಾನೆ. ಮೈ ತಿಕ್ಕುವವನ ಕೆಲಸ ಬೇರೆ, ಪಳಗಿಸುವವನ ಕೆಲಸ ಬೇರೆ. ಕುದುರೆ ಧೈರ್ಯವನ್ನು ಹೊತ್ತುಕೊಂಡೇ ಹುಟ್ಟುತ್ತಿದ್ದರೆ ಇಷ್ಟು ಜನರಿಗೆ ಸಂಬಳ ಕೊಡಬೇಕಾಗಿರಲಿಲ್ಲ.

ರಾಯಚೂರಿನ ದಿನ

ರಾಯನ ಬದುಕಿನ ದೊಡ್ಡ ಯುದ್ಧಕ್ಕೂ ಕುದುರೆಯೇ ನೆಪ. ಅಷ್ಟರಲ್ಲಾಗಲೇ ಅವನು ಒಡಿಶಾದ ಗಜಪತಿಯಿಂದ ಉದಯಗಿರಿ, ಕೊಂಡವೀಡು ಕೋಟೆಗಳನ್ನು ಗೆದ್ದು, 1516ರಲ್ಲಿ ಸಿಂಹಾಚಲದವರೆಗೆ ಹೋಗಿ ಬಂದಿದ್ದ. ನೂನಿಜ್ ಹೇಳುವಂತೆ, ಗೋವಾದಲ್ಲಿ ಕುದುರೆ ಕೊಳ್ಳಲು ರಾಯ 40,000 ಪರ್ದಾವ್ ಚಿನ್ನದ ನಾಣ್ಯ ಕೊಟ್ಟು ಒಬ್ಬನನ್ನು ಕಳಿಸಿದ. ಆತ ಹಣದ ಜೊತೆ ಬಿಜಾಪುರದ ಆದಿಲ್ ಶಾಹಿಯ ಆಶ್ರಯಕ್ಕೆ ಓಡಿಹೋದ. ರಾಯ ಕೇಳಿದರೂ ಅವನನ್ನು ಒಪ್ಪಿಸಲಿಲ್ಲ. ಕೃಷ್ಣಾ, ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿಗಾಗಿ ಮೊದಲೇ ಇದ್ದ ಜಗಳಕ್ಕೆ ಇದು ಕಿಡಿಯಾಯಿತು. ಇಂದಿನ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಆ ನಾಡಿನಲ್ಲೇ ಇವೆ.

1520ರಲ್ಲಿ ರಾಯಚೂರಿನ ಬಳಿ ಸೈನ್ಯಗಳು ಎದುರಾದಾಗ ಆದಿಲ್ ಶಾಹಿಯ ಫಿರಂಗಿಗಳು ಒಟ್ಟಿಗೆ ಗುಡುಗಿದವು. ವಿಜಯನಗರದ ಮುಂದಿನ ಸಾಲು ಒಡೆದು ಜನ ಹಿಂದಕ್ಕೆ ಓಡತೊಡಗಿದರು. ರಾಯ ತನ್ನ ಉಂಗುರವನ್ನು ಸೇವಕನ ಕೈಗೆ ಕೊಟ್ಟು, ತಾನು ಸತ್ತರೆ ರಾಣಿಯರಿಗೆ ತೋರಿಸಲು ಹೇಳಿ, ಕುದುರೆ ಏರಿ ಉಳಿದ ಸೈನ್ಯದೊಡನೆ ಮುಂದೆ ನುಗ್ಗಿದ. ಯುದ್ಧ ತಿರುಗಿತು. ಸೆರೆ ಸಿಕ್ಕ ವಸ್ತುಗಳಲ್ಲಿ 4,000 ಕುದುರೆಗಳಿದ್ದವು ಎಂದು ನೂನಿಜ್ ಲೆಕ್ಕ ಕೊಡುತ್ತಾನೆ.

ರಾಯನ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸವಾರನ ಧೈರ್ಯವೊಂದೇ ಕುದುರೆಯನ್ನು ಮುಂದೆ ಒಯ್ಯುವುದಿಲ್ಲ. ಅದರ ಹಿಂದೆ ಸಾವಿರಾರು ಬೆಳಗಿನ ಅಭ್ಯಾಸ ಇರಬೇಕು.

ಹೊಡೆದರೆ ಸರಿಹೋಗುತ್ತದೆಯೇ?

ಇಲ್ಲ. ಇದನ್ನು ಸುಮಾರು 2,400 ವರ್ಷಗಳ ಹಿಂದೆಯೇ ಗ್ರೀಸಿನ ಕ್ಸೆನೊಫೋನ್ ತನ್ನ ಅಶ್ವವಿದ್ಯೆಯ ಪುಸ್ತಕದಲ್ಲಿ ವಿವರಿಸಿದ್ದ. ಬೆದರಿದಾಗ ಹೊಡೆದರೆ, ನೋವು ಬಂದದ್ದು ಎದುರಿನ ವಸ್ತುವಿನಿಂದಲೇ ಎಂದು ಕುದುರೆ ತಿಳಿಯುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ.

ಡೆನ್ಮಾರ್ಕಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎಳೆಯ ಕುದುರೆಗಳಿಗೆ ಗಾಳಿಗೆ ಅಲುಗಾಡುವ ನೈಲಾನ್ ಚೀಲವನ್ನು ಮೂರು ಬಗೆಯಲ್ಲಿ ರೂಢಿ ಮಾಡಿಸಿದರು. ಒಮ್ಮೆಗೇ ಪೂರ್ತಿ ತೋರಿಸುವುದು, ತಿನಿಸಿನ ಜೊತೆ ತೋರಿಸುವುದು, ಸ್ವಲ್ಪ ಸ್ವಲ್ಪವಾಗಿ ಹತ್ತಿರ ತರುವುದು. ಮೂರನೆಯದೇ ಗೆದ್ದಿತು. ಆ ಗುಂಪಿನ ಕುದುರೆಗಳು ಕಡಿಮೆ ಬೆದರಿದವು ಮತ್ತು ಎಲ್ಲವೂ ಕಲಿತವು.

ಸ್ವೀಡನ್ನಿನ ಅಧ್ಯಯನವೊಂದು (2009) ಸವಾರರ ಕಡೆ ನೋಡಿತು. ಮುಂದಿನ ಸುತ್ತಿನಲ್ಲಿ ಕುದುರೆಯ ಮುಂದೆ ಛತ್ರಿ ಬಿಚ್ಚುತ್ತೇವೆ ಎಂದು ಸವಾರರಿಗೆ ಹೇಳಿ, ಬಿಚ್ಚದೆ ಸುಮ್ಮನಿದ್ದರು. ಸವಾರರ ಎದೆಬಡಿತ ಏರಿತು, ಏನೂ ನೋಡದ ಕುದುರೆಗಳ ಎದೆಬಡಿತವೂ ಏರಿತು. ಮೇಲೆ ಕೂತವರ ಆತಂಕ ಕೆಳಗಿನ ಪ್ರಾಣಿಗೆ ತಲುಪುತ್ತದೆ.

ಇನ್ನು ಸುಳಿ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣೆಯ ಸುಳಿ ಕಣ್ಣಿಗಿಂತ ಮೇಲಿದ್ದ ದನಗಳು ಬಂಧಿಸಿದಾಗ ಹೆಚ್ಚು ಗಲಿಬಿಲಿಗೊಂಡಿದ್ದವು. ಇದು ಗುಂಪಿನಲ್ಲಿ ಕಂಡ ಒಲವು ಮಾತ್ರ. ಯಜಮಾನನ ಅದೃಷ್ಟಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ಪ್ರಾಣಿ ಕಲಿಯಲಾರದು ಎಂದೂ ಅರ್ಥವಲ್ಲ.

ಇಂದಿನ ಮೆರವಣಿಗೆಗೆ

ರಾಯ 1529ರಲ್ಲಿ ತೀರಿಕೊಂಡ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುವೆ ಇರುವ 64 ಕಂಬದ ಮಂಟಪವನ್ನು ಜನ ಅವನ ಸಮಾಧಿ ಎಂದು ಕರೆಯುತ್ತಾರೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅದು ಮುಳುಗುತ್ತದೆ. ಅವನ ಲಾಯದ 300 ಮಂದಿಗೆ ಅಂಥ ಗುರುತೂ ಇಲ್ಲ.

ಆದರೆ ಅವರ ಕೆಲಸ ಇಂದಿಗೂ ಬೇಕಾಗಿದೆ. ಮದುವೆಯ ಮೆರವಣಿಗೆಗೆ ನಾವು ಬಾಡಿಗೆ ಕುದುರೆ ತರುತ್ತೇವೆ, ಪಕ್ಕದಲ್ಲೇ ಡಿಜೆ ಹಚ್ಚುತ್ತೇವೆ, ಕಾಲ ಬಳಿ ಪಟಾಕಿ ಸಿಡಿಸುತ್ತೇವೆ. ಕುದುರೆ ಬೆದರಿದರೆ ಮೇಲಿರುವ ಮದುಮಗನಿಗೂ ಸುತ್ತ ಕುಣಿಯುವ ಮಕ್ಕಳಿಗೂ ಅಪಾಯ. ಏಟು ಮಾತ್ರ ಕುದುರೆಗೆ, ಬೈಗುಳ ಅದನ್ನು ಹಿಡಿದವನಿಗೆ.

ಕುದುರೆ ಸಾಕುವವರು ಹೊಸ ಸದ್ದನ್ನು, ಹೊಸ ವಸ್ತುವನ್ನು ಮೊದಲು ದೂರದಿಂದ ಪರಿಚಯಿಸಿ. ಕಿವಿ ನಿಮಿರಿಸಿ ನಿಂತರೆ ಎಳೆಯದೆ ನೋಡಲು ಬಿಡಿ, ಶಾಂತವಾದ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಲಗಾಮನ್ನು ಬಿಗಿಯಾಗಿ ಜಗ್ಗಿ ಹಿಡಿಯಬೇಡಿ. ಎಂದೂ ಬೆದರದ ಕುದುರೆ ಇದ್ದಕ್ಕಿದ್ದಂತೆ ಬೆದರತೊಡಗಿದರೆ ಕಣ್ಣಿನ ತೊಂದರೆ ಅಥವಾ ಮೈನೋವು ಇರಬಹುದು, ಪಶುವೈದ್ಯರಿಗೆ ತೋರಿಸಿ.

ಮೆರವಣಿಗೆಗೆ ಹೋಗುವವರು ಕುದುರೆಯ ಹಿಂದೆ ನಿಲ್ಲಬೇಡಿ, ಪಟಾಕಿಯನ್ನು ದೂರವಿಡಿ. ಕುದುರೆ ಹಿಡಿದವನು ಸ್ವಲ್ಪ ನಿಲ್ಲಿ ಎಂದರೆ ನಿಲ್ಲಿ. ಆ ಹೊತ್ತಿನಲ್ಲಿ ಅಲ್ಲಿರುವವರಲ್ಲಿ ಕುದುರೆಯ ಕಿವಿಯನ್ನು ನೋಡುತ್ತಿರುವವನು ಅವನೊಬ್ಬನೇ.